ಅಪ್ಪ ಏಳುವವರೆಗೆ

ಗದಗಿನ ಚಂಪಾ ಬಾಳಿಕಾಯಿಗೆ ಎರಡು ಚಟ. ಒಂದು, ಹೇಳಬೇಕಾದ ಮಾತನ್ನು ನೆಟ್ಟಗೆ ಹೇಳದೆ ನಾಲ್ಕು ಮನೆ ಸುತ್ತಿಸಿ ಹೇಳುವುದು. ಇನ್ನೊಂದು, ಬ್ಲಾಗ್ ಬರೆಯುವುದು. ಇವೆರಡೂ ತಮ್ಮ ಪಾಡಿಗೆ ತಾವಿದ್ದಷ್ಟು ದಿನ ಯಾರಿಗೂ ತೊಂದರೆ ಇರಲಿಲ್ಲ. ನೆನಪಿನ ಕೊಂಡಿ ಅಂತ ಒಂದು ಬಂತು ನೋಡಿ, ಎರಡೂ ಒಂದಾದವು.

ಕೊಂಡಿ ಯಾರಿಗೆ ಗೊತ್ತಿಲ್ಲ? ಬರಹದ ನಡುವೆ ಒಂದು ಮಾತು ನೀಲಿ ಬಣ್ಣದಲ್ಲಿ ಇರುತ್ತದೆ. ಒತ್ತಿದರೆ ಬೇರೆ ಪುಟ ತೆರೆಯುತ್ತದೆ. ಅದು ಹಳೆಯ ಕಥೆ. ಹೊಸ ಕೊಂಡಿ ಪುಟಕ್ಕೆ ಕರೆದೊಯ್ಯುವುದಿಲ್ಲ, ಬರೆದವರ ನೆನಪಿಗೇ ಕರೆದೊಯ್ಯುತ್ತದೆ. ಬರೆಯುವವರು ಹಣೆಗೆ ಬೆರಳಗಲದ ಪಟ್ಟಿ ಕಟ್ಟಿಕೊಂಡು, ಬೇಕಾದ ಘಟನೆಯನ್ನು ಮನಸ್ಸಿನಲ್ಲಿ ನೆನೆಯಬೇಕು. ಆಗ ತಲೆಯೊಳಗೆ ಯಾವ ನರ ಹೇಗೆ ಮಿಡಿಯಿತು ಎಂಬುದನ್ನು ಪಟ್ಟಿ ಹಿಡಿದಿಡುತ್ತದೆ. ಓದುವವರ ಹಣೆಗೂ ಅಂಥದೇ ಪಟ್ಟಿ. ಅವರು ನೀಲಿ ಮಾತನ್ನು ಒತ್ತಿದರೆ ಅದೇ ಮಿಡಿತ ಅವರ ತಲೆಯಲ್ಲಿ ಹರಿಯುತ್ತದೆ, ಬರೆದವರು ಕಂಡದ್ದು ಉಂಡದ್ದು ಇವರೇ ಕಂಡು ಉಂಡಂತಾಗುತ್ತದೆ. ವಾಪಸು ಬರಲು ಗುಂಡಿ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ನಾಟಕ ಮುಗಿದ ಮೇಲೆ ಜನ ತಾವೇ ಎದ್ದು ಮನೆಗೆ ಹೋಗುತ್ತಾರಲ್ಲ, ಹಾಗೆ ನೆನಪು ಮುಗಿದರೆ ಮನಸ್ಸು ತಾನಾಗಿ ಎದ್ದು ಬರುತ್ತಿತ್ತು.

ಊರಿಗೆ ಊರೇ ಇದಕ್ಕೆ ಒಗ್ಗಿಕೊಂಡಿತು. ಮುಳಗುಂದ ನಾಕಾದ ಟೇಲರ್ ಹುಟ್ಟಿದಾಗಿನಿಂದ ಸಮುದ್ರ ಕಂಡವನಲ್ಲ. ಯಾರೋ ಕಾರವಾರದವರ ಬ್ಲಾಗ್ ಓದಿದ ಮೇಲೆ ಪ್ಯಾಂಟಿನ ಅಳತೆ ತೆಗೆಯುತ್ತ ಅಲೆಯ ಸದ್ದಿನ ಬಗ್ಗೆ ಮಾತಾಡತೊಡಗಿದ. ಚಂಪಾ ಮತ್ತು ಅವಳ ಗಂಡ ಮುದುಕಪ್ಪ ನಡೆಸುವ ಖಾನಾವಳಿಯಲ್ಲಂತೂ ದಿನಾ ತಮಾಷೆ. ಗಿರಾಕಿಗಳು ಶೇಂಗಾ ಚಟ್ನಿ ಬಾಯಿಗಿಟ್ಟು ತಲೆ ಅಲ್ಲಾಡಿಸುವರು.

"ಅವ್ವ ಮಾಡಿದಂಗ ಆಗಿಲ್ಲ ಬಿಡ್ರಿ ಚಂಪಕ್ಕಾರ."

"ಯಾರವ್ವರಿ?"

"ನಿಮ್ಮವ್ವ."

ಚಂಪಾಳ ಅವ್ವ ತೀರಿಹೋಗಿ ಆರು ವರ್ಷವಾಗಿತ್ತು. ಈ ಗಿರಾಕಿಗಳಲ್ಲಿ ಒಬ್ಬರೂ ಆಕೆಯ ಮುಖ ನೋಡಿದವರಲ್ಲ. ಬ್ಲಾಗಿನ ಕೊಂಡಿ ಒತ್ತಿ ಆಕೆಯ ಒಲೆ ಮುಂದೆ ಕೂತು ಎದ್ದು ಬಂದವರು, ಅಷ್ಟೆ.

"ಅತ್ತಿ ಕೈರುಚಿ ಪುರಾಣ ಮೊದಲ ನಾ ಒಬ್ಬಾವನ ಕೇಳತಿದ್ದೆ," ಎನ್ನುವನು ಮುದುಕಪ್ಪ, ರೊಟ್ಟಿ ಬಡಿಯುತ್ತ. "ಈಗ ಊರ ಮಂದೆಲ್ಲಾ ನನಗ ಬೀಗರಾಗ್ಯಾರ." ಅವನು ಮಾತ್ರ ಹಣೆಗೆ ಪಟ್ಟಿ ಕಟ್ಟಿದವನಲ್ಲ. ನನ್ನ ನೆನಪ ನನಗ ಸಾಕಾಗ್ಯಾವು, ಮಂದಿವು ಯಾಕ ಬೇಕು ಎಂಬುದು ಅವನ ವಾದ.

ಕೊಂಡಿ ಹಾಕುವುದು ಹೇಗೆ ಎಂದು ಬರೆಯುವವರಿಗೆ ಕಲಿಸಲು, ಅದನ್ನು ಕಂಡುಹಿಡಿದ ಪ್ರಯೋಗಾಲಯದವರು ಒಂದು ತರಬೇತಿ ಇಟ್ಟಿದ್ದರು. ಪ್ರಯೋಗಾಲಯ ಇದ್ದದ್ದು ಊರ ಹೊರಗೆ, ಮುಚ್ಚಿಹೋದ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ. ಅದರ ಯಂತ್ರಗಳಿಗೆ ಗುಡ್ಡದ ಮೇಲಿನ ಗಾಳಿಯಂತ್ರಗಳಿಂದ ವಿದ್ಯುತ್ತು. ಮುಖ್ಯಸ್ಥರು ಡಾ. ಅಂದಾನಪ್ಪ ಹುಲಕೋಟಿ. ಐವತ್ತರ ಮನುಷ್ಯ, ಮಾತಿಗೊಮ್ಮೆ ಕನ್ನಡಕ ಒರೆಸುವ ರೂಢಿ.

"ಒಂದು ಬರಹಕ್ಕ ಎರಡು ಮೂರು ಕೊಂಡಿ ಸಾಕು," ಎಂದಿದ್ದರು ಅವರು. "ಎಲ್ಲಾ ಮಾತೂ ನೀಲಿ ಮಾಡಿದ್ರ ಓದೂರು ಕಂಡ ಕಂಡ ಸ್ಟಾಪಿಗೆ ಇಳದ ಕಡೀಕ ಊರ ಮುಟ್ಟೂದಿಲ್ಲ. ಎರಡನೇದು, ಎಲ್ಲಿಗೆ ಹೋಗತೈತಿ ಅನ್ನೂದು ಆ ನೀಲಿ ಮಾತಿನ್ಯಾಗ ತಿಳೀಬೇಕು. 'ಇಲ್ಲಿ ಒತ್ತಿ' ಅಂತ ಬರದ್ರ, ಬೋರ್ಡ ಇಲ್ಲದ ಬಸ್ಸಿಗೆ ಮಂದೀನ ಹತ್ತಿಸಿದಂಗ. ಮೂರನೇದು, ಬ್ಯಾರೆ ಕಿಟಕ್ಯಾಗ ತೆರೀರಿ. ಹಂಗಂದ್ರ ಓದವರಿಗೆ ತಮ್ಮ ಮನಿ, ತಮ್ಮ ಕುರ್ಚಿ ಮಬ್ಬಮಬ್ಬ ಕಾಣಕೋತ ಇರತಾವು. ಅದ ಕಿಟಕ್ಯಾಗ ತೆರದ್ರ ತಮ್ಮದು ಪೂರ್ತಿ ಮುಚ್ಚತೈತಿ."

ಚಂಪಾ ಎದ್ದು ನಿಂತು ಕೇಳಿದಳು: "ಬ್ಯಾರೆ ಕಿಟಕ್ಯಾಗ ವಾಸನಿ ಬರ್ತೈತೇನ್ರಿ ಸರ್ರ?"

"ವಾಸನಿ ಅಷ್ಟ ಬರೂದಿಲ್ರಿ."

"ಹಂಗಾರ ಅದನ್ನ ತೊಗೊಂಡ ಏನ ಮಾಡ್ಲಿ? ಕಟ್ಟಿನ ಸಾರಿಗೆ ವಾಸನಿ ಇಲ್ಲಂದ್ರ ಅದು ಬಿಸಿನೀರ."

ಎಲ್ಲರೂ ನಕ್ಕರು, ಡಾಕ್ಟರೂ ನಕ್ಕರು. ಚಂಪಾ ಮನೆಗೆ ಬಂದು ಮೂರು ಮಾತನ್ನೂ ಮೂಲೆಗೆ ಒಗೆದು, ಅದೇ ಕಿಟಕಿಯಲ್ಲೇ ತೆರೆಯುವ ಕೊಂಡಿಗಳನ್ನು ಸಾಲು ಸಾಲಾಗಿ ಹಾಕಿದಳು. ಯುಗಾದಿ ಹತ್ತಿರ ಬಂದಾಗ ಕಟ್ಟಿನ ಸಾರಿನ ಮೇಲೆ ಒಂದು ಬರಹ ಬರೆದಳು. ಬೇಳೆ ಬೇಯಿಸಿ ಬಸಿದ ನೀರಿನ ಬಣ್ಣ, ಹೂರಣದ ಹದ, ಮಸಾಲೆ, ಎಲ್ಲ ಬರೆದು ಕೊನೆಗೆ ಹೀಗೆಂದಳು: "ಇದರ ರುಚಿ ಹೇಗಿರಬೇಕು ಎಂದು ತಿಳಿಯಬೇಕೆ? ಇಲ್ಲಿ ಒತ್ತಿ." 'ಇಲ್ಲಿ' ಎಂಬುದು ನೀಲಿ.

ಆ 'ಇಲ್ಲಿ'ಯ ಹಿಂದೆ ಇದ್ದದ್ದು ಬೀಗರ ಊಟ. ಅಕ್ಕ ದೇವಕ್ಕನ ಮದುವೆಯ ಮರುದಿನ, ಮುಂಡರಗಿಯ ಗಂಡಿನ ಮನೆಯ ಪಡಸಾಲೆಯಲ್ಲಿ ನಡೆದದ್ದು. ಚಂಪಾಳಿಗೆ ಆಗ ಒಂಬತ್ತು ವರ್ಷ. ಅಪ್ಪನ ಬಲಕ್ಕೆ ಕೂತಿದ್ದಳು. ಎಲೆಗೆ ಕೋಸಂಬರಿ, ಬದನೆಕಾಯಿ ಪಲ್ಯ, ಬಟ್ಟಲಲ್ಲಿ ಹೊಗೆಯಾಡುವ ಕಟ್ಟಿನ ಸಾರು, ಹೋಳಿಗೆ, ಅದರ ಮೇಲೆ ಧಾರೆಯಾಗಿ ತುಪ್ಪ. ಅಲ್ಲಿಗೆ ನೆನಪು ಮುಗಿಯುತ್ತಿತ್ತು. ಅದರ ಮುಂದೆ ಆದದ್ದು ಚಂಪಾ ಯಾರಿಗೂ ತೋರಿಸುವಂಥದ್ದಲ್ಲ. ಅಪ್ಪ ಊಟದ ನಡುವೆ ಪಂಕ್ತಿ ಬಿಟ್ಟು ಎದ್ದುಬಿಟ್ಟಿದ್ದ. ಒಂದು ಮಾತೂ ಆಡದೆ ಕೈ ಝಾಡಿಸಿಕೊಂಡು ಹೊರಗೆ ಹೋದವನು ಸೀದಾ ಬಸ್ ಸ್ಟ್ಯಾಂಡಿಗೆ ನಡೆದಿದ್ದ.

ಬೀಗ ಎಲೆ ಬಿಟ್ಟು ಎದ್ದರೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಅವತ್ತಿಗೇ ಎರಡು ಮನೆಗಳ ನಡುವಿನ ದಾರಿ ಮುಚ್ಚಿತು. ಅಪ್ಪ ಲಿಂಗೈಕ್ಯನಾದಾಗ ದೇವಕ್ಕ ಬಂದು, ದೂರ ನಿಂತು, ಒಂದು ಗುಟುಕು ನೀರೂ ಕುಡಿಯದೆ ಹೋದಳು. ಅಪ್ಪ ಯಾಕೆ ಎದ್ದ ಎಂದು ಅಪ್ಪ ಹೇಳಲಿಲ್ಲ. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಬರಹ ಹಾಕಿದ ಎರಡನೆಯ ದಿನ ಮಧ್ಯಾಹ್ನದ ಗದ್ದಲದಲ್ಲಿ ಫೋನ್ ಬಂತು. ಹೆಣ್ಣುದನಿ, ನಡುಗುತ್ತಿತ್ತು.

"ಚಂಪಾ ಬಾಳಿಕಾಯಿ ಅಂದ್ರ ನೀವ ಏನ್ರಿ? ನಮ್ಮವ್ವ ನಿಮ್ಮ ಬ್ಲಾಗ ಓದಾಕತ್ತಿದ್ಲರಿ. ನಿನ್ನೆ ಮುಂಜಾನಿಂದ ಕುಂತಾಕಿ ಎದ್ದ ಇಲ್ರಿ. ಪಟ್ಟಿ ತಗದೇವಿ, ಆದ್ರೂ ಏಳವಲ್ಲಳು. ಒಂದ ಹನಿ ನೀರ ಕುಡೀವಲ್ಲಳು."

"ಯಾವೂರವ್ವ ತಂಗಿ?"

"ಮುಂಡರಗಿರಿ. ನಮ್ಮವ್ವನ ಹೆಸರು ದೇವಕ್ಕ ಅಂತ."

ಚಂಪಾಳ ಕೈಯಲ್ಲಿದ್ದ ಸಾರಿನ ಸೌಟು ಹಾಗೇ ಪಾತ್ರೆಯೊಳಗೆ ಮುಳುಗಿತು. ಅಕ್ಕ ತನ್ನ ಬ್ಲಾಗ್ ಓದುತ್ತಾಳೆಯೇ? ಯಾವಾಗಿನಿಂದ? ಹೆಸರು ಕೇಳಿದರೆ ಬಾಗಿಲು ಹಾಕಿಕೊಳ್ಳುವಾಕೆ? ತಲೆಬುಡ ತಿಳಿಯದೆ ಅವಳು ಗಿರಾಕಿಯೊಬ್ಬನ ಎಲೆಗೆ ಎರಡು ಸಲ ಉಪ್ಪು ಬಡಿಸಿದಳು. ಆಮೇಲೆ ಡಾ. ಹುಲಕೋಟಿಯವರಿಗೆ ಫೋನ್ ಮಾಡಿ, ಅವರೊಡನೆ ಮುಂಡರಗಿಗೆ ಹೊರಟಳು.

ಮುಂಡರಗಿಯ ಆ ಮನೆ ಹಾಗೇ ಇತ್ತು. ಅದೇ ಪಡಸಾಲೆ, ಅದೇ ಕಂಬ. ಫೋನ್ ಮಾಡಿದ ಹುಡುಗಿ ಸ್ಫೂರ್ತಿ, ದೇವಕ್ಕನ ಮಗಳು, ಕಾಲೇಜಿನಲ್ಲಿ ಪಾಠ ಹೇಳುವಾಕೆ, ಚಂಪಾಳನ್ನು ಒಳಗೆ ಕರೆಯಬೇಕೋ ಬಾಗಿಲಲ್ಲೇ ಬೈಯಬೇಕೋ ತಿಳಿಯದೆ ಹೊಸ್ತಿಲಲ್ಲಿ ನಿಂತಿದ್ದಳು. ಕೊನೆಗೆ "ಬರ್ರಿ ಚಿಗವ್ವ" ಎಂದುಬಿಟ್ಟಳು, ಎಂದಮೇಲೆ ತಾನೇ ಬೆಚ್ಚಿದಳು.

ದೇವಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಎಡಗೈ ತೊಡೆಯ ಮೇಲೆ, ಬಲಗೈ ಮುಂದಿನ ಬರಿ ನೆಲದ ಮೇಲೆ ಗೇಣಿನಷ್ಟು ಎತ್ತರದಲ್ಲಿ ತೂಗುತ್ತಿತ್ತು. ತೋಳಿಗೆ ಸಲೈನ್ ಹಚ್ಚಿದ್ದರು. ಕಣ್ಣು ನೆಲ ನೋಡುತ್ತಿದ್ದವು. ಆಗೊಮ್ಮೆ ಈಗೊಮ್ಮೆ ಕತ್ತಿನ ನರ ಬಿಗಿದು, ಮುಖ ಎಡಕ್ಕೆ ತಿರುಗಲು ಹೆಣಗುತ್ತಿತ್ತು. ತಿರುಗುತ್ತಿರಲಿಲ್ಲ.

"ಅವ್ವಾ, ಏಳ ಬೇ," ಎಂದಳು ಸ್ಫೂರ್ತಿ, ಭುಜ ಹಿಡಿದು.

ದೇವಕ್ಕ ಮೆಲ್ಲಗೆ, ಸಭ್ಯವಾಗಿ ಹೇಳಿದಳು: "ತಡಿ, ಹಿರ್ಯಾರು ಇನ್ನೂ ಎದ್ದಿಲ್ಲ."

"ನಿನ್ನೆಯಿಂದ ಇದೊಂದ ಮಾತ ನೋಡ್ರಿ," ಎಂದು ಸ್ಫೂರ್ತಿ ಅಳತೊಡಗಿದಳು. "ಯಾರ ಹಿರ್ಯಾರು? ಮನ್ಯಾಗ ಇರೂದು ನಾನು ಆಕಿ ಇಬ್ಬರ. ನಮ್ಮಪ್ಪ ತೀರಿಹೋಗಿ ಮೂರ ವರ್ಷ ಆತು."

ಚಂಪಾ ಅಕ್ಕನ ಎದುರು ಕೂತು "ದೇವಕ್ಕಾ" ಎಂದಳು. ಆ ಹೆಸರು ಕರೆದಾಗ ಯಾರದೋ ಚಪ್ಪಲಿ ಹಾಕಿಕೊಂಡಂತೆ ಅನಿಸಿತು. ಅಕ್ಕ ನೋಡಲಿಲ್ಲ. ಊರಿನ ವೈದ್ಯರು ಬಂದು, ನರ ಸರಿ ಇದೆ, ನಾಡಿ ಸರಿ ಇದೆ ಎಂದರು. ಡಾ. ಹುಲಕೋಟಿ ಕನ್ನಡಕ ಒರೆಸುತ್ತ, ಹೀಗೇ ಮುಂದುವರಿದರೆ ಆಕೆಗೆ ತನ್ನ ನೆನಪುಗಳಿಗೆ ವಾಪಸಾಗುವ ದಾರಿಯೇ ಅಳಿಸಿಹೋಗಬಹುದು ಎಂದರು. ಅಕ್ಕ ಅಕ್ಕನಾಗಿ ಉಳಿಯುವುದಿಲ್ಲ, ಬೀಗರ ಊಟಕ್ಕೆ ಕೂತ ಒಂಬತ್ತು ವರ್ಷದ ಹುಡುಗಿಯಾಗಿ ಉಳಿದುಬಿಡುತ್ತಾಳೆ ಎಂಬುದು ಚಂಪಾಳಿಗೆ ಅರ್ಥವಾದದ್ದು ಆಗ. 

"ಬಾಕಿ ಓದವರೆಲ್ಲಾ ಎದ್ದ ಬಂದಾರಲ್ರಿ ಸರ್ರ?"

"ಬಂದಾರ. ಅವರಿಗೂ ತಡ ಆಗೇತಿ. ಯಾರರ ಕರದಾಗ, ಮೈ ಮುಟ್ಟಿದಾಗ ಎದ್ದಾರ. ಊಟ ಅರ್ಧಕ್ಕ ಬಿಟ್ಟಂಗಾತು ಅಂತಾರ. ಆದ್ರ ಅವರಿಗೆ ಅದು ಯಾರದೋ ಮನಿ, ಯಾರದೋ ಅಪ್ಪ. ಇವರಿಗೆ ಸ್ವಂತದ್ದು." ಆಮೇಲೆ ನೇರವಾಗಿ ಹೇಳಿದರು: "ನೀವು ನೆನಪ ನಡುವ ಕತ್ತರಿಸೀರಿ. ಮುಂದಿಂದು ಕೊಡ್ರಿ, ಜೋಡಸ್ತೀನಿ. ನಿಮ್ಮಪ್ಪ ಎದ್ದರಂದ್ರ ಇವರೂ ಏಳತಾರ."

ಅಪ್ಪ ಎದ್ದದ್ದನ್ನು ಅಕ್ಕನಿಗೆ ತೋರಿಸುವುದು! ಯಾವುದನ್ನು ಅಕ್ಕನೆದುರು ಯಾರೂ ಬಾಯಿ ಬಿಟ್ಟು ಆಡಲಿಲ್ಲವೋ ಅದನ್ನು ಆಕೆಯ ತಲೆಯೊಳಗೆ ನಡೆಸುವುದು. ಬೇರೆ ದಾರಿ ಇರಲಿಲ್ಲ. ಚಂಪಾ ಡಾಕ್ಟರ ಜೊತೆ ಪ್ರಯೋಗಾಲಯಕ್ಕೆ ಹೋದಳು.

ಹತ್ತಿ ತುಂಬುತ್ತಿದ್ದ ಎತ್ತರದ ಕೋಣೆಯಲ್ಲಿ ಈಗ ಪರದೆಗಳು. ಹಣೆಗೆ ಪಟ್ಟಿ ಕಟ್ಟಿ, ಕಣ್ಣು ಮುಚ್ಚಿ, ಚಂಪಾ ಪಡಸಾಲೆಗೆ ಹೋದಳು. ತುಪ್ಪದವನು ಬಂದ. ತುಪ್ಪ ಬಡಿಸುತ್ತ ಅಪ್ಪನ ಎಲೆಯನ್ನು ದಾಟಿ ಮುಂದೆ ಹೋದ. ಅಪ್ಪನ ಮುಖ ಕೆಂಪಾಯಿತು, ಅಪ್ಪ ಎದ್ದ.

"ಸಿಕ್ತು ನೋಡ್ರಿ!" ಎಂದು ಕಣ್ಣು ಬಿಟ್ಟಳು. ಸೋದರತ್ತೆ ಯಾವಾಗಲೂ ಇದನ್ನೇ ಹೇಳುತ್ತಿದ್ದಳು. ಬೀಗನಿಗೆ ತುಪ್ಪ ಬಡಿಸಲಿಲ್ಲ, ಅದಕ್ಕೇ ಎದ್ದ ಎಂದು.

ಡಾಕ್ಟರು ಪರದೆಯ ಮೂಲೆಯೊಂದನ್ನೇ ನೋಡುತ್ತಿದ್ದರು. "ಇನ್ನೊಮ್ಮೆ ನೆನಸ್ರಿ," ಎಂದರು.

ಎರಡನೆಯ ಸಲ ತುಪ್ಪ ಸರಿಯಾಗಿಯೇ ಬಿತ್ತು. ಆದರೆ ಎದುರು ಸಾಲಿನಿಂದ ಗಂಡಿನ ದೊಡ್ಡಪ್ಪ, "ಹುಡುಗಿಗೆ ನಮ್ಮನ್ಯಾಗರ ಹೊಟ್ಟಿತುಂಬ ಸಿಗತೈತಿ ಬಿಡ್ರಿ," ಎಂದು ನಕ್ಕ. ಅಪ್ಪ ಎದ್ದ. ಇದು ಕಾಕಾ ಹೇಳುತ್ತಿದ್ದದ್ದು. ಮೂರನೆಯ ಸಲ ಯಾರೂ ಏನೂ ಅನ್ನಲಿಲ್ಲ, ಅಪ್ಪ ಹೊಟ್ಟೆ ಹಿಡಿದುಕೊಂಡು ಎದ್ದ. ಅವ್ವ ಕೊನೆಯವರೆಗೆ ಹೇಳಿದ್ದು ಇಷ್ಟೇ, ಅವರಿಗೆ ಹೊಟ್ಟಿನೋವು ಬಂದಿತ್ತು ಎಂದು.

ಚಂಪಾ ಪಟ್ಟಿ ಕಿತ್ತು ಕೂತಳು. ತಲೆ ಗಿರ್ರೆನ್ನುತ್ತಿತ್ತು. "ಅಯ್ಯ ಶಿವನ! ಮೂರೂ ನಾ ಕಣ್ಣಾರೆ ಕಂಡಂಗ ಐತ್ರಿ. ಯಾವದರಿ ಖರೇ?"

"ಮೂರೂ ಅಲ್ಲ," ಎಂದರು ಡಾಕ್ಟರು. ಪರದೆಯ ಒಂದು ಮೂಲೆ ತೋರಿಸಿದರು. ಅಲ್ಲಿ ಗೆರೆ ಸತ್ತಂತೆ ಅಡ್ಡ ಮಲಗಿತ್ತು. "ಇದು ವಾಸನಿ ಹಿಡಿಯೂ ನರ. ನಿಮ್ಮ ಹೋಳಗಿ, ನಿಮ್ಮ ಸಾರು ಬಂದಾಗ ಇದು ಕುಣದಾಡತಿತ್ತು. ಅಪ್ಪ ಏಳೂ ಹೊತ್ತಿಗೆ ಮೂರೂ ಸಲ ಸಪ್ಪಗ ಆಗೇತಿ. ಕಂಡಿದ್ದಕ್ಕ ವಾಸನಿ ಇರತೈತ್ರಿ, ಕೇಳಿದ್ದಕ್ಕ ಇರೂದಿಲ್ಲ. ಇವು ಮಂದಿ ಹೇಳಿದ್ದು. ನೀವು ಕುಂತಲ್ಲೆ ಕುಂತು ಚಿತ್ರ ಮಾಡ್ಕೊಂಡೀರಿ."

"ಮತ್ತ ನಾ ಕಂಡಿದ್ದು?"

"ವಾಸನಿ ಹಿಡಕೊಂಡ ಹೋಗ್ರಿ."

ಚಂಪಾ ಮತ್ತೆ ಕಣ್ಣು ಮುಚ್ಚಿದಳು. ಅತ್ತೆಯ ಮಾತು, ಕಾಕಾನ ಮಾತು, ಅವ್ವನ ಮಾತು ಎಲ್ಲವನ್ನೂ ಪಕ್ಕಕ್ಕೆ ಸರಿಸಿ ತುಪ್ಪದ ಘಮಲನ್ನೊಂದು ಹಿಡಿದುಕೊಂಡಳು. ಎಲೆ ಕಂಡಿತು. ಹೋಳಿಗೆ ಕಂಡಿತು. ಅದರ ಮೇಲೆ ತುಪ್ಪ ಹರಡುತ್ತ ಅಂಚಿಗೆ ಬರುತ್ತಿತ್ತು, ಇನ್ನೇನು ಎಲೆಗೆ ಹರಿದೀತು ಎಂದು ಅವಳು ಬೆರಳಿನಿಂದ ತಡೆಯಲು ಹೊಂಚುತ್ತಿದ್ದಳು. ಎಡಗಡೆ, ಕಣ್ಣಂಚಿನಲ್ಲಿ, ಅಪ್ಪನ ಕೈ ಇತ್ತು. ಬೆರಳಲ್ಲಿ ಬೆಳ್ಳಿ ಉಂಗುರ. ತುಪ್ಪ ಅಂಚಿಗೆ ಬಂತು, ಅವಳು ಬೆರಳು ಇಟ್ಟಳು, ನೆಕ್ಕಿದಳು. ಮತ್ತೆ ನೋಡಿದಾಗ ಆ ಕೈ ಇರಲಿಲ್ಲ.

ಅಷ್ಟೇ. ಅದರಾಚೆ ಎಷ್ಟು ತಡಕಿದರೂ ಏನೂ ಇರಲಿಲ್ಲ. ಅಪ್ಪನ ಮುಖ ಇರಲಿಲ್ಲ, ಏಕೆಂದರೆ ಅವಳು ಅಪ್ಪನ ಮುಖ ನೋಡಿಯೇ ಇರಲಿಲ್ಲ.

ಕತ್ತರಿಸಿ ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದಳಲ್ಲ, ಮುಚ್ಚಿಡಲು ಅವಳ ಹತ್ತಿರ ಏನೂ ಇರಲಿಲ್ಲ.  ಇಷ್ಟು ವರ್ಷ ತನಗೆ ಗೊತ್ತಿದೆ ಎಂದುಕೊಂಡು ಹೊತ್ತುಕೊಂಡು ತಿರುಗಿದ್ದು ಯಾರ ಯಾರದೋ ಮಾತೇ? ಹಾಗಾದರೆ ಅಕ್ಕನನ್ನು ಎಬ್ಬಿಸುವುದು ಹೇಗೆ?

"ಒಂದ ಸುಳ್ಳರ ಜೋಡಸ್ರಿ," ಎಂದಳು. "ತುಪ್ಪದ್ದ ಜೋಡಸ್ರಿ."

"ವಾಸನಿ ಇಲ್ಲದ್ದನ್ನ ಆಕಿ ಮನಸ್ಸು ನಂಬೂದಿಲ್ರಿ ಚಂಪಕ್ಕಾರ. ನಂಬದಿದ್ರ ಇನ್ನಷ್ಟ ಗೋಜಲ ಆಗತೈತಿ." ಡಾಕ್ಟರ ದನಿಯೂ ಸೋತಿತ್ತು. "ನಾ ಕೊಂಡಿಗೆ ಮೂರು ಮಾತ ಹೇಳಿದ್ದೆ. ಹೋದಲ್ಲಿಂದ ತಿರಗಿ ಬರೂ ದಾರಿ ಇರಬೇಕು ಅಂತ ನಾಲ್ಕನೇದ್ದು ಹೇಳಬೇಕಾಗಿತ್ತು. ಅದು ತಾನಾಗೆ ಇರತೈತಿ ಅಂತ ಬಿಟ್ಟೆ, ನೋಡ್ರಿ."

ಮರುದಿನ ಚಂಪಾ ಖಾನಾವಳಿಯಲ್ಲಿ ಯಂತ್ರದ ಹಾಗೆ ಬಡಿಸುತ್ತಿದ್ದಳು. ಕಣ್ಣು ಊದಿಕೊಂಡಿದ್ದವು. ಮುಂಡರಗಿಯಿಂದ ಸ್ಫೂರ್ತಿ ಫೋನ್ ಮಾಡಿ, ಅವ್ವ ಈಗ ಮಗಳ ಹೆಸರು ಹೇಳಿದರೂ ಯಾರದೋ ಹೆಸರು ಕೇಳಿದಂತೆ ಕೂತಿದ್ದಾಳೆ ಎಂದಿದ್ದಳು. ಮೂಲೆಯ ಸಾಲಿನಲ್ಲಿ ದಲಾಲಿ ಅಂಗಡಿಯ ಇಬ್ಬರು ಊಟಕ್ಕೆ ಕೂತಿದ್ದರು. ಒಬ್ಬ ಲಗುಬಗೆಯಿಂದ ಉಂಡು ಮುಗಿಸಿದ್ದ, ಇನ್ನೊಬ್ಬ ಮುದುಕ, ಹಲ್ಲಿಲ್ಲದವನು, ಇನ್ನೂ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸುತ್ತಿದ್ದ. ಉಂಡವನ ಕೈ ಒಣಗಿ ಬಿರಿಯುತ್ತಿತ್ತು. ಹೊರಗೆ ಲಾರಿಯವನು ಹಾರ್ನ್ ಬಡಿಯುತ್ತಿದ್ದ.

"ಏಳ್ರಿ, ಲಾರಿ ನಿಂತೈತಿ," ಎಂದಳು ಚಂಪಾ, ಯೋಚಿಸದೆ.

"ಹೆಂಗ ಏಳೂದ್ರಿ? ಹಿರ್ಯಾರು ಉಣ್ಣಾಕತ್ತಾರ."

ಮುದುಕ ನಾಲ್ಕು ತುತ್ತು ಉಂಡ, ಮಜ್ಜಿಗೆ ಕುಡಿದ, "ಆತೇನಪಾ? ಏಳೂಣು," ಎಂದ. ಇಬ್ಬರೂ ಎದ್ದರು.

ಚಂಪಾ ಕೈಯಲ್ಲಿದ್ದ ಬುಟ್ಟಿಯನ್ನು ನೆಲಕ್ಕಿಟ್ಟಳು. ಹುಟ್ಟಿದಾಗಿನಿಂದ ದಿನಾ ನೋಡಿದ್ದು ಇದೇ. ಪಂಕ್ತಿಯಿಂದ ಜನರನ್ನು ಎಬ್ಬಿಸುವುದು ಯಂತ್ರವಲ್ಲ, ನೆನಪಿನ ತುಣುಕಲ್ಲ, ಹಿರಿಯರ ಒಂದು ಮಾತು. ಅಪ್ಪ ಆ ಮಾತು ಆಡದೆ ಹೋದ. ಅಪ್ಪ ಈಗ ಇಲ್ಲ ನಿಜ. ಆದರೆ ಪಂಕ್ತಿಯಲ್ಲಿ ಹಿರಿಯರು ಇಲ್ಲವಾದರೆ ಆ ಜಾಗದಲ್ಲಿ ಯಾರಾದರೂ ಕೂತೇ ಕೂರುತ್ತಾರಲ್ಲ!

"ರೀ!" ಎಂದು ಒಳಗೆ ಕೂಗಿದಳು. "ಕಡ್ಲಿಬ್ಯಾಳಿ ಒಲಿ ಮ್ಯಾಲ ಇಡ್ರಿ. ಹೋಳಗಿ ಮಾಡಬೇಕು."

ಮುದುಕಪ್ಪ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದ. "ಅಲ್ಲೇ, ಅಕ್ಕ ಆ ಪರಿ ಕುಂತಾಳಂತ, ನಿನಗ ಹೋಳಗಿ ನೆಪ್ಪಾತೇನ?"

"ಆಕಿ ಊಟ ಮುಗದಿಲ್ರಿ. ಮುಗಸಾಕ ಹೋಗೂಣು ನಡೀರಿ."

ಅವನಿಗೆ ಒಂದೂ ತಿಳಿಯಲಿಲ್ಲ. ಆದರೂ ಬೇಳೆ ತೊಳೆದ.

ಅವತ್ತು ಸಂಜೆ ಮುಂಡರಗಿಯ ಪಡಸಾಲೆಯಲ್ಲಿ ಕಂಬದಿಂದ ಬಾಗಿಲವರೆಗೆ ಎಲೆ ಹಾಕಿದರು. ದೇವಕ್ಕನ ಮುಂದಿನ ಬರಿ ನೆಲದ ಮೇಲೂ ಒಂದು. ಆಕೆಯ ಬಲಕ್ಕೆ ಸ್ಫೂರ್ತಿ, ಅದರಾಚೆ ಡಾ. ಹುಲಕೋಟಿ, ಅವರು ಬಹಳ ವರ್ಷದ ಮೇಲೆ ನೆಲಕ್ಕೆ ಕೂತಿದ್ದರಿಂದ ಕಾಲು ಎಲ್ಲಿಡಬೇಕೆಂದು ಪೇಚಾಡುತ್ತಿದ್ದರು. ಎಡಕ್ಕೆ, ಅಪ್ಪ ಕೂತಿದ್ದ ಜಾಗದಲ್ಲಿ, ಚಂಪಾ. ಬಡಿಸಲು ಮುದುಕಪ್ಪ. ಕೋಸಂಬರಿ ಬಂತು, ಪಲ್ಯ ಬಂತು, ಸಾರು ಬಂತು. ಸಾರಿನ ಹೊಗೆ ಮುಖಕ್ಕೆ ತಾಗಿದಾಗ ದೇವಕ್ಕನ ಮೂಗಿನ ಹೊಳ್ಳೆ ಅಲುಗಿದವು. ಹೋಳಿಗೆ ಬಿತ್ತು. ಮುದುಕಪ್ಪ ತುಪ್ಪ ಧಾರೆಯಾಗಿ ಬಿಟ್ಟ, ಚಂಪಾಳ ಎಲೆಗೂ ಬಿಟ್ಟ, ಯಾರ ಎಲೆಯನ್ನೂ ದಾಟಲಿಲ್ಲ.

"ಸುರು ಮಾಡ್ರಿ," ಎಂದಳು ಚಂಪಾ, ಆದಷ್ಟು ಗಟ್ಟಿಯಾಗಿ.

ಗೇಣಿನ ಎತ್ತರದಲ್ಲಿ ತೂಗುತ್ತಿದ್ದ ಆ ಕೈ ಕೆಳಗೆ ಬಂತು. ಹೋಳಿಗೆ ಮುರಿಯಿತು. ಸ್ಫೂರ್ತಿ ಬಾಯಿಗೆ ಸೆರಗು ಒತ್ತಿಕೊಂಡಳು. ದೇವಕ್ಕ ತುತ್ತು ಬಾಯಿಗಿಟ್ಟು, ಅಗಿದು, ನುಂಗಿದಳು.

ಚಂಪಾ ಪಕ್ಕಕ್ಕೆ ನೋಡಿದಳು. ಅಕ್ಕನ ತಗ್ಗಿದ ತಲೆ, ಅರ್ಧ ಬೆಳ್ಳಗಾದ ಬೈತಲೆ, ಮಗುವಿನ ಹಾಗೆ ಎಲೆಯ ಮೇಲೇ ನೆಟ್ಟ ಕಣ್ಣು. 'ಇವಳನ್ನು ಇಲ್ಲಿ ಬಿಟ್ಟು ನಾವು ಹೋದೆವಲ್ಲ' ಎಂದು ಅನಿಸಿದ್ದೇ ತಡ, ಬಾಯಲ್ಲಿದ್ದ ತುತ್ತು ಅಗಿಯುವುದನ್ನು ಬಿಟ್ಟಳು. ಕಣ್ಣು ತುಂಬಿ ಬಂದವು. ಇಷ್ಟು ಜನರ ಮುಂದೆ ಅತ್ತುಬಿಡುತ್ತೇನೆ, ಎದ್ದು ಹೊರಗೆ ಹೋಗಿಬಿಡಬೇಕು ಎಂದು ಮೊಣಕಾಲು ತಾವಾಗಿಯೇ ನೆಲಕ್ಕೆ ಒತ್ತಿದವು. ಆಗ ಥಟ್ಟನೆ ಹೊಳೆಯಿತು. ಅಪ್ಪನಿಗೂ ಅವತ್ತು ಹೀಗೇ ಆಗಿತ್ತೇ? ಮಗಳನ್ನು ಬಿಟ್ಟುಹೋಗುವ ಊಟದಲ್ಲಿ, ಬೀಗರ ಸಾಲಿನ ಮುಂದೆ ಗಂಡಸು ಅಳಬಾರದೆಂದು ಎದ್ದನೇ? ಹೌದೋ ಅಲ್ಲವೋ ಹೇಳಲು ಬಾರದು. ಇದಕ್ಕಂತೂ ವಾಸನೆ ಇತ್ತು. ಆದರೆ ಅದು ಇವತ್ತಿನ ತುಪ್ಪದ್ದು.

ಅವಳು ಏಳಲಿಲ್ಲ. ಕಣ್ಣೀರು ಸುರಿದರೆ ಸುರಿಯಲಿ ಎಂದು ಬಿಟ್ಟು, ನೀರು ಕುಡಿದು, ತುತ್ತು ನುಂಗಿದಳು. ಅನ್ನ ಹಾಕಿಸಿಕೊಂಡಳು, ಮಜ್ಜಿಗೆ ಹಾಕಿಸಿಕೊಂಡಳು. ಅಳುತ್ತಲೇ ಕಡೆಯ ಅಗುಳಿನವರೆಗೆ ಉಂಡಳು. ಆಮೇಲೆ ಸಾಲಿನ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದಳು.

"ಎಲ್ಲಾರ್ದೂ ಆತೇನ್ರಿ? ಏಳೂಣು."

ಎದ್ದು ನಿಂತಳು. ಸ್ಫೂರ್ತಿ ಎದ್ದಳು, ಡಾಕ್ಟರು ಕಂಬ ಹಿಡಿದು ಎದ್ದರು. ದೇವಕ್ಕ ನೆಲಕ್ಕೆ ಎಡಗೈ ಊರಿದಳು. ಎರಡು ದಿನ ಮಡಚಿದ್ದ ಕಾಲು ಒಮ್ಮೆಲೇ ಚಾಚಲಿಲ್ಲ, "ಯವ್ವಾ" ಎಂದು ನರಳಿದಳು, ಚಂಪಾಳ ತೋಳು ಹಿಡಿದು ಎದ್ದಳು. ಮೊದಲು ತೋಳು ನೋಡಿದಳು, ಆಮೇಲೆ ಮುಖ.

"ಚಂಪೀ?"

"ಹೂಂ, ಅಕ್ಕಾ."

"ನೀ ಹೆಂಗ ಬಂದಿ?" ಸುತ್ತ ನೋಡಿದಳು. ಮಗಳನ್ನು ಕಂಡು, "ಯಾಕ ಅಳಾಕತ್ತೀಯ ಸ್ಫೂರ್ತಿ?" ಎಂದಳು. ಹೆಸರು ಸರಿಯಾಗಿ ಬಂತು. ಹುಡುಗಿ ತಾಯಿಯ ಹೆಗಲಿಗೆ ಬಿದ್ದಳು. ದೇವಕ್ಕ ಮಗಳ ಬೆನ್ನು ಸವರುತ್ತಲೇ ಚಂಪಾಳ ಮೇಲಿನ ಕಣ್ಣು ತೆಗೆಯಲಿಲ್ಲ. "ಅಪ್ಪ ಯಾಕ ಎದ್ದ, ಚಂಪೀ?"

"ಅದನ್ನ ನೀ ನನಗ ಕೇಳತೀಯಾ?"

"ಮತ್ತ ಯಾರಿಗೆ ಕೇಳ್ಲಿ? ನಾ ಅವತ್ತ ಒಳಗ ದೇವರಮನ್ಯಾಗ ಕುಂತಿದ್ದೆ. ಗದ್ದಲ ಕೇಳಿ ಹೊರಗ ಬರೂದರಾಗ ಅಪ್ಪ ಹೋಗಿದ್ದ. ನಮ್ಮ ಊಟ ಸೇರಲಿಲ್ಲ ಅಂತ ಈ ಮನಿಯವರು ಅಂದ್ರು. ನೀವು ಯಾರೂ ಹೇಳಲೇ ಇಲ್ಲ. ಮುಚ್ಚಿಡಾಕತ್ತಾರ ಅಂತ ನನಗ ಸಿಟ್ಟು. ನಿನ್ನ ಬ್ಲಾಗಿನ್ಯಾಗ ಏನೋ 'ಇಲ್ಲಿ' ಅಂತ ಇತ್ತು, ಎಲ್ಲಿ ಅಂತ ಇರಲಿಲ್ಲ, ಒತ್ತಿದೆ. ನೋಡಿದ್ರ ನಮ್ಮ ಪಡಸಾಲಿ! ಬಾಜೂಕ ಅಪ್ಪನ ಕೈ! ಇವತ್ತರ ತಿಳೀತೈತಿ, ಏಳೂತನಕ ಕುಂತಿರೂಣು ಅಂತ ಕುಂತೆ. ಮಾರಿ ನೋಡಬೇಕಂತ ಎಷ್ಟ ತಿಪ್ಪರಲಾಗ ಹಾಕಿದ್ರೂ ಕತ್ತು ತಿರಗವಲ್ದು. ಯಾಕ ತಿರಗವಲ್ದ?"

ಚಂಪಾ ಒಣಗುತ್ತಿದ್ದ ಎಂಜಲು ಕೈಯನ್ನು ನೋಡಿಕೊಂಡಳು.

"ನಾ ಹೋಳಗಿ ನೋಡಕೋತ ಕುಂತಿದ್ದೆ, ಅಕ್ಕಾ."

ದೇವಕ್ಕ ಸುಮ್ಮನೆ ನಿಂತಳು. ಎಷ್ಟು ಹೊತ್ತೆಂದರೆ, ಮತ್ತೆ ಆ ನೆನಪಿನೊಳಗೆ ಹೋಗಿಬಿಟ್ಟಳೇನೋ ಎಂದು ಡಾಕ್ಟರು ಒಂದು ಹೆಜ್ಜೆ ಮುಂದಿಟ್ಟರು. ಆಮೇಲೆ ಆಕೆಯ ಹೊಟ್ಟೆ ಅಲುಗಿತು, ಭುಜ ಅಲುಗಿತು. ನಗುವೋ ಅಳುವೋ ಆಕೆಗೇ ತಿಳಿಯಲಿಲ್ಲ, ಎರಡೂ ಕೂಡಿಯೇ ಬಂದವು.

"ಹಂಗಾರ ನಿಮಗೂ ಗೊತ್ತಿಲ್ಲೇನು?"

"ನಿನಗ ಗೊತ್ತೈತಿ ಅಂತ ನಾವು ಕೇಳಲಿಲ್ಲ."

"ನಿಮಗ ಗೊತ್ತೈತಿ ಅಂತ ನಾ ಬರಲಿಲ್ಲ."

"ಕೈ ತೊಳಕೋರಿ ಮೊದಲ," ಎಂದ ಮುದುಕಪ್ಪ, ತಂಬಿಗೆ ಹಿಡಿದು, ಮುಖ ಆಚೆ ತಿರುಗಿಸಿಕೊಂಡು. "ಎಂಜಲ ಕೈ ಒಣಗಾಕ ಬಿಡಬಾರದು."

ಊಟದ ಜಾಗ ಸಾರಿಸಿದ ಮೇಲೆ ಡಾಕ್ಟರ ಒತ್ತಾಯಕ್ಕೆ ಚಂಪಾ ಅಲ್ಲೇ ಕೂತು ಬ್ಲಾಗ್ ತೆರೆದಳು. ಬಹಳಷ್ಟು ನೀಲಿ ಅಳಿಸಿದಳು. 'ಇಲ್ಲಿ ಒತ್ತಿ' ಎಂಬುದನ್ನು ತೆಗೆದು, ಆ ಜಾಗದಲ್ಲಿ ಎಂಟು ಸಲ ಬರೆದು ಅಳಿಸಿ ಕೊನೆಗೆ ಹೀಗೆ ಬರೆದಳು: "ನಮ್ಮ ಅಕ್ಕನ ಬೀಗರ ಊಟ, ಅಪ್ಪ ಯಾಕೆ ಎದ್ದನೆಂದು ನಮಗೂ ಗೊತ್ತಿಲ್ಲ." ಬೇರೆ ಕಿಟಕಿಯಲ್ಲಿ ತೆರೆಯುವಂತೆ ಮಾಡಿದಳು. ಪಟ್ಟಿ ಕಟ್ಟಿಕೊಂಡು ನೆನಪಿನ ತುದಿಗೆ ಇವತ್ತಿನ ಪಂಕ್ತಿಯನ್ನು ಜೋಡಿಸಿದಳು, ಹೋದವರು ಎದ್ದು ಬರಲಿ ಎಂದು.

ದೇವಕ್ಕ ತಂಗಿಯ ಹೆಗಲ ಮೇಲಿಂದ ಬಗ್ಗಿ ಓದಿದಳು. ಆಕೆಯ ಹಣೆಗೆ ಪಟ್ಟಿ ಇರಲಿಲ್ಲ, ಬೆರಳು ಮಾತ್ರ ನೀಲಿ ಮಾತಿನ ಹತ್ತಿರ ಹೋಯಿತು.

"ಒತ್ತಬ್ಯಾಡ ಬೇ," ಎಂದಳು ಚಂಪಾ. "ಅಲ್ಲಿ ಏನೂ ಇಲ್ಲ."

"ಹೋಳಗಿ ಐತಲ್ಲ," ಎಂದಳು ದೇವಕ್ಕ.